ಕಸುಬಿನ ಕಲಿಕೆಯೂ ಶಾಸನದ ಭಾಷೆಯೂ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯನ್ನು ಕುರಿತು ಒಂದು ವಿಮರ್ಶೆ

೧

ಕಸುಬಿನ ಕಲಿಕೆಗೆ ಸರಕಾರ ನೆರವಾಗಬೇಕೆಂಬ ವಿಷಯದಲ್ಲಿ ಇಂದು ಯಾವ ಪಕ್ಷಕ್ಕೂ ಭಿನ್ನಾಭಿಪ್ರಾಯವಿದ್ದಂತೆ ಕಾಣುವುದಿಲ್ಲ. ಕೇಂದ್ರದ ಆಯವ್ಯಯ ಪತ್ರದಲ್ಲಿಯೂ ರಾಜ್ಯದ ಆಯವ್ಯಯ ಪತ್ರದಲ್ಲಿಯೂ ಕೌಶಲ್ಯ ತರಬೇತಿಯ ಬಾಬು ಸ್ಥಿರವಾದ ಸ್ಥಾನವನ್ನು ಪಡೆದಿದೆ. ಎಲ್ಲರೂ ಒಪ್ಪಿದ ವಿಷಯದಲ್ಲಿ ವಿಮರ್ಶೆಗೆ ಏನು ಕೆಲಸವೆಂದು ಕೇಳಬಹುದು. ಆದರೆ ಈ ಒಮ್ಮತವೆಲ್ಲ ಉದ್ದೇಶವನ್ನು ಕುರಿತದ್ದು. ಕಲಿಯುವವರು ಯಾರು, ಕಲಿಸುವವರು ಯಾರು, ಕಲಿಕೆ ನಡೆಯುವ ಎಡೆ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಶಾಸನ ಏನು ಉತ್ತರ ಕೊಡುತ್ತದೆಂಬುದರ ಮೇಲೆ ಹಣ ಹರಿಯುವ ದಿಕ್ಕು ನಿರ್ಧಾರವಾಗುತ್ತದೆ. ಶಾಸನವೂ ಒಂದು ಬರಹವೇ. ಅದರ ಶಬ್ದಗಳು ಯಾರನ್ನು ಒಳಗೊಳ್ಳುತ್ತವೆ, ಯಾರನ್ನು ಹೊರಗಿಡುತ್ತವೆ ಎಂಬುದನ್ನು ಕಾವ್ಯದ ಶಬ್ದಗಳನ್ನು ಪರಿಶೀಲಿಸುವಷ್ಟೇ ಎಚ್ಚರದಿಂದ ಪರಿಶೀಲಿಸಬೇಕಾಗಿದೆ. ಪ್ರಕೃತ ಲೇಖನದ ಉದ್ದೇಶ ಇಷ್ಟೇ.

ಪರಿಶೀಲನೆಗೆ ಆರಿಸಿಕೊಂಡ ಪ್ರದೇಶವು ಬೆಳಗಾವಿ ಜಿಲ್ಲೆಯ ಬಡಗಣ ಅಂಚಿನ ಐದು ತಾಲೂಕುಗಳು. ಇವುಗಳಲ್ಲಿ ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತದಲ್ಲಿದ್ದವು; ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದು, ೧೯೪೯ರಲ್ಲಿ ಸಂಸ್ಥಾನದ ವಿಲೀನದ ತರುವಾಯ ಮುಂಬಯಿಗೆ ಬಂದಿತು. ೧೯೫೬ರ ನವೆಂಬರ ೧ರಂದು ಇವೆಲ್ಲವೂ ಅಂದಿನ ಮೈಸೂರು ರಾಜ್ಯವನ್ನು ಸೇರಿದವು. ಚಿಕ್ಕೋಡಿಯಿಂದ ನಿಪ್ಪಾಣಿಯೂ ಅಥಣಿಯಿಂದ ಕಾಗವಾಡವೂ ಬೇರ್ಪಟ್ಟು ತಾಲೂಕುಗಳಾದದ್ದು ಈಚಿನ ಸಂಗತಿ. ಕನ್ನಡ ಮರಾಠಿಗಳೆರಡೂ ಬಳಕೆಯಲ್ಲಿರುವ ಈ ಸೀಮೆಯಲ್ಲಿ ಮೂರು ಬಗೆಯ ಕಸುಬಿನ ಕಲಿಕೆ ಒಂದರ ಬದಿಯಲ್ಲೊಂದು ನಡೆದುಬಂದಿದೆ: ಸಕ್ಕರೆ ಕಾರಖಾನೆಯದು, ಚಮ್ಮಾರರ ಮನೆಯದು, ತಂಬಾಕಿನ ವಖಾರ ಮತ್ತು ಬೀಡಿಯದು. ಒಂದೇ ಶಾಸನ ಈ ಮೂರನ್ನೂ ಹೇಗೆ ಕಾಣುತ್ತದೆಂದು ನೋಡಲು ಇದಕ್ಕಿಂತ ಅನುಕೂಲವಾದ ಕ್ಷೇತ್ರ ದೊರೆಯುವುದು ಕಷ್ಟ.

ಮೊದಲು ಶಬ್ದಗಳನ್ನು ಕುರಿತು ಒಂದು ಮಾತು. ಕಲಿಕೆಗೆ ನಿಂತವನನ್ನು ಈ ಭಾಗದ ಹಳೆಯ ರೂಢಿ 'ಉಮೇದುವಾರ'ನೆಂದು ಕರೆಯುತ್ತದೆ. ಅದು ಫಾರಸಿಯ 'ಉಮೇದ್' ಎಂಬುದರಿಂದ ಬಂದದ್ದು. ಆಸೆಯಿಟ್ಟು ಕಾದಿರುವವನೆಂದು ಅರ್ಥ. 'ಅಪ್ರೆಂಟಿಸ್' ಎಂಬುದರ ಮೂಲದಲ್ಲಿ ಗ್ರಹಿಸುವುದು, ಕಲಿಯುವುದು ಎಂಬ ಲ್ಯಾಟಿನ್ ಧಾತುವಿದೆ. 'ಕಸುಬು' ಎಂಬುದು ಗಳಿಕೆಯೆಂಬ ಅರ್ಥದ ಅರಬ್ಬಿ ಶಬ್ದ; ನಮ್ಮವರು ಅದಕ್ಕೆ ಸಂಸ್ಕೃತದ 'ಕುಲ'ವನ್ನು ಜೋಡಿಸಿ 'ಕುಲಕಸುಬು' ಎಂದರು. ಆಸೆ, ಗ್ರಹಿಕೆ, ಗಳಿಕೆ, ಕುಲ ಎಂಬ ಈ ನಾಲ್ಕೂ ಮುಂದಿನ ಚರ್ಚೆಯಲ್ಲಿ ಮತ್ತೆ ಮತ್ತೆ ಎದುರಾಗುವುವು.

೨

ಈ ದೇಶದಲ್ಲಿ ಅಪ್ರೆಂಟಿಸರನ್ನು ಕುರಿತ ಮೊದಲ ಶಾಸನ ೧೮೫೦ರದು. ಅನಾಥ ಮಕ್ಕಳು, ಧರ್ಮಾರ್ಥವಾಗಿ ಸಾಕಲ್ಪಟ್ಟ ಬಡಮಕ್ಕಳು ಮೊದಲಾದವರನ್ನು ಕಸುಬಿಗೆ ಒಪ್ಪಿಸುವುದು ಅದರ ಉದ್ದೇಶ. ಹತ್ತರಿಂದ ಹದಿನೆಂಟರೊಳಗಿನ ವಯಸ್ಸಿನ ಮಗುವನ್ನು ಏಳು ವರ್ಷಗಳಿಗೆ ಮೀರದಂತೆ ಒಬ್ಬ ಯಜಮಾನನಿಗೆ ಕರಾರಿನಿಂದ ಕಟ್ಟಬಹುದಾಗಿತ್ತು. ಇಂಗ್ಲೆಂಡಿನ ೧೫೬೩ರ ಶಾಸನದ ಏಳು ವರ್ಷಗಳ ಲೆಕ್ಕ ಇಲ್ಲಿ ಕಾಣಿಸಿಕೊಂಡಿದೆ. ಆ ಶಾಸನದ ಏಳು ವರ್ಷದ ಕಡ್ಡಾಯವನ್ನು ಇಂಗ್ಲೆಂಡು ೧೮೧೪ರಲ್ಲಿಯೇ ಕೈಬಿಟ್ಟಿತ್ತೆಂಬುದು ಗಮನಾರ್ಹ. ೧೮೫೦ರ ಶಾಸನಕ್ಕೆ ಕಲಿಕೆಯೆಂದರೆ ದಿಕ್ಕಿಲ್ಲದವರಿಗೆ ತೋರಿಸುವ ದಾರಿ, ಒಂದು ಬಗೆಯ ದಾನ.

ಸ್ವಾತಂತ್ರ್ಯಾನಂತರ ಈ ದೃಷ್ಟಿ ಬದಲಾಯಿತು. ೧೯೫೦ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಪ್ರಾರಂಭವಾಯಿತು. ಬಿ. ಶಿವರಾವ್ ಸಮಿತಿಯ ಶಿಫಾರಸಿನಂತೆ ೧೯೫೬ರಲ್ಲಿ ಕೈಗಾರಿಕಾ ತರಬೇತಿ ಸಂಸ್ಥೆಗಳ ದೈನಂದಿನ ಆಡಳಿತ ರಾಜ್ಯಗಳಿಗೆ ಬಂದಿತು. ೧೯೬೧ರ ಡಿಸೆಂಬರ ೧೨ರಂದು ಅಪ್ರೆಂಟಿಸ್ ಶಾಸನಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆತು, ೧೯೬೨ರ ಮಾರ್ಚ ೧ರಿಂದ ಅದು ಜಾರಿಗೆ ಬಂದಿತು. ಈಗ ಕಲಿಕೆ ದಾನವಲ್ಲ. ರಾಷ್ಟ್ರದ ಕೈಗಾರಿಕೆಗೆ ಬೇಕಾದ ಜನಬಲವನ್ನು ಸಿದ್ಧಗೊಳಿಸುವ ಕಾರ್ಯ. ಕಾರಖಾನೆಯ ಮಾಲಿಕನಿಗೆ ಅದೊಂದು ಹೊಣೆ, ಕಲಿಯುವವನಿಗೆ ವಿದ್ಯಾವೇತನದೊಡನೆ ಬರುವ ಅವಕಾಶ. ೧೯೭೩ರಲ್ಲಿ ಪದವೀಧರರನ್ನೂ ೧೯೮೬ರಲ್ಲಿ ವೃತ್ತಿಶಿಕ್ಷಣದ ತಾಂತ್ರಿಕರನ್ನೂ ಅದರೊಳಗೆ ತರಲಾಯಿತು. ೨೦೧೪ರ ತಿದ್ದುಪಡಿ ಸೆರೆವಾಸದ ದಂಡನೆಯನ್ನು ತೆಗೆದುಹಾಕಿತು. ಗುತ್ತಿಗೆಯ ಕೆಲಸಗಾರರನ್ನೂ ಲೆಕ್ಕಕ್ಕೆ ಹಿಡಿಯಿತು. ೨೦೧೯ರ ನಿಯಮಗಳ ಪ್ರಕಾರ ಮೂವತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ತನ್ನ ಬಲದ ಶೇಕಡಾ ೨.೫ರಿಂದ ೧೫ರವರೆಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕು. ನಾಲ್ಕರಿಂದ ಇಪ್ಪತ್ತೊಂಬತ್ತು ಜನರಿರುವಲ್ಲಿ ಅದು ಐಚ್ಛಿಕ. ಆ ನಿಯಮಗಳು ವಿದ್ಯಾವೇತನದ ಕನಿಷ್ಠ ಪ್ರಮಾಣವನ್ನು ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ ೫,೦೦೦ದಿಂದ ೯,೦೦೦ ರೂಪಾಯಿಗಳೆಂದು ಗೊತ್ತುಪಡಿಸಿದವು. ೨೦೧೬ರ ಆಗಸ್ಟಿನಲ್ಲಿ ಪ್ರಾರಂಭವಾದ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಈ ವೇತನದ ಕಾಲುಭಾಗವನ್ನು, ತಿಂಗಳಿಗೆ ೧,೫೦೦ ರೂಪಾಯಿ ಮೀರದಂತೆ, ಕೇಂದ್ರ ಸರಕಾರವೇ ಭರಿಸುತ್ತ ಬಂದಿದೆ.

ಈ ವಿಸ್ತರಣೆ ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶಾಸನದ ವ್ಯಾಖ್ಯೆಗಳನ್ನು ನಿಧಾನವಾಗಿ ಓದಿದರೆ ಒಂದು ವಿಚಿತ್ರ ಅಸಮತೆ ಗೋಚರವಾಗುತ್ತದೆ. 'ಸಂಸ್ಥೆ' ಎಂಬ ಪದಕ್ಕೆ ಯಾವುದೇ ಉದ್ಯಮ ನಡೆಯುವ ಯಾವುದೇ ಸ್ಥಳವೆಂಬ ವಿಶಾಲವಾದ ಅರ್ಥವನ್ನು ಕೊಡಲಾಗಿದೆ. ಚಮ್ಮಾರನ ಪಡಸಾಲೆಯೂ ಅದರೊಳಗೆ ಅಡಕವಾಗಬಹುದು. ಆದರೆ 'ಮಾಲಿಕ'ನೆಂದರೆ ಅನ್ಯರನ್ನು ಸಂಭಾವನೆ ಕೊಟ್ಟು ದುಡಿಸಿಕೊಳ್ಳುವವನು. ಪಡಸಾಲೆಯಲ್ಲಿ ತಂದೆ ಅಟ್ಟೆ ಕೊಯ್ಯುತ್ತಾನೆ, ತಾಯಿ ಬಾರು ಹೆಣೆಯುತ್ತಾಳೆ, ಮಗ ನೋಡಿ ಕಲಿಯುತ್ತಾನೆ. ಅಲ್ಲಿ ಸಂಭಾವನೆಯಿಲ್ಲ, ಆದುದರಿಂದ ಮಾಲಿಕನಿಲ್ಲ, ಮಾಲಿಕನಿಲ್ಲದ ಕಡೆ ಅಪ್ರೆಂಟಿಸನೂ ಇಲ್ಲ. ಸ್ಥಳವನ್ನು ಹಿಗ್ಗಿಸಿದ ಶಾಸನ ಮನುಷ್ಯನನ್ನು ಕುಗ್ಗಿಸಿತು. ನಾಲ್ಕು ಜನರ ಕನಿಷ್ಠ ಸಂಖ್ಯೆಯ ನಿಯಮ ಆ ಬಾಗಿಲಿಗೆ ಅಗಳಿಯನ್ನೂ ಹಾಕಿತು.

ಇನ್ನೊಂದು ಮಾತು ೧೮ನೆಯ ಕಲಮಿನದು. ಅಪ್ರೆಂಟಿಸನು ಕಲಿಯುವವನೇ ಹೊರತು ಕೆಲಸಗಾರನಲ್ಲವೆಂದೂ ಕಾರ್ಮಿಕರ ಶಾಸನಗಳು ಅವನಿಗೆ ಅನ್ವಯಿಸವೆಂದೂ ಅದು ಹೇಳುತ್ತದೆ. ಕಲಿಕೆಯನ್ನು ದುಡಿಮೆಯಿಂದ ಬೇರ್ಪಡಿಸಿ ಕಾಪಾಡುವುದು ಇದರ ಸದುದ್ದೇಶವಿರಬಹುದು. ಆದರೆ ಕಸುಬನ್ನು ಮಾಡುತ್ತಲೇ ಕಲಿಯಬೇಕು. 'ಮಾಡಿ ಕಲಿ' ಎಂಬುದು ನಮ್ಮ ಜನರ ಗಾದೆಯ ಮಾತು. ಮಾಡಿದ್ದಕ್ಕೆ ಹಕ್ಕಿಲ್ಲ, ಕಲಿತದ್ದಕ್ಕೆ ನೌಕರಿಯ ಭರವಸೆಯಿಲ್ಲ ಎಂದಾದಾಗ ಕಲಿಯುವವನು ಕೇವಲ ಉಮೇದುವಾರನಾಗಿ ಉಳಿಯುತ್ತಾನೆ. ೧೯೯೫ರಲ್ಲಿ ಉತ್ತರ ಪ್ರದೇಶದ ಸಾರಿಗೆ ನಿಗಮದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಉಳಿದ ಅರ್ಹತೆಗಳು ಸಮವಾಗಿದ್ದರೆ ತರಬೇತಿ ಪಡೆದವರಿಗೆ ಆದ್ಯತೆ ಸಲ್ಲಬೇಕೆಂದು ಹೇಳಿ ಈ ಕೊರತೆಯನ್ನು ಕೊಂಚಮಟ್ಟಿಗೆ ತುಂಬಲೆತ್ನಿಸಿತು. ನ್ಯಾಯಾಲಯ ಅಷ್ಟನ್ನು ಹೇಳಬೇಕಾಗಿ ಬಂದದ್ದೇ ಕೊರತೆಯಿದ್ದುದಕ್ಕೆ ಸಾಕ್ಷಿ.

೩

ಶಾಸನದ ಕಲ್ಪನೆಗೆ ಚೆನ್ನಾಗಿ ಒಪ್ಪುವುದು ಸಕ್ಕರೆ ಕಾರಖಾನೆ. ಉಗಾರ ಖುರ್ದದ ಉಗಾರ ಶುಗರ್ ವರ್ಕ್ಸ್ ೧೯೩೯ರಷ್ಟು ಹಳೆಯದು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಮೊದಲಾದ ಸಹಕಾರಿ ಕಾರಖಾನೆಗಳೂ ಖಾಸಗಿ ಕಾರಖಾನೆಗಳೂ ಕೃಷ್ಣೆಯ ಈ ಬಯಲಿನಲ್ಲಿ ಹರಡಿವೆ. ಇಲ್ಲಿ ಮಾಲಿಕನಿದ್ದಾನೆ, ಹಾಜರಿ ಪುಸ್ತಕವಿದೆ. ಫಿಟ್ಟರ್, ಟರ್ನರ್, ವೆಲ್ಡರ್, ಇಲೆಕ್ಟ್ರಿಶಿಯನ್ ಎಂಬ, ಶಾಸನಕ್ಕೆ ಪರಿಚಿತವಾದ ಕಸುಬುಗಳಿವೆ. ಬೆಳಗಾವಿಯಲ್ಲಿ ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯೂ ಇದೆ. ಸರಕಾರದ ಒಂದು ರೂಪಾಯಿ ಇಲ್ಲಿ ಸುಲಭವಾಗಿ ದಾರಿ ಕಂಡುಕೊಳ್ಳುತ್ತದೆ.

ಅದಾಗಿಯೂ ಇಲ್ಲಿ ಸಹ ಶಾಸನದ ಕಾಲಗಣನೆಗೂ ಕಸುಬಿನ ಕಾಲಗಣನೆಗೂ ಹೊಂದಿಕೆಯಿಲ್ಲ. ಕಬ್ಬು ನುರಿಸುವ ಹಂಗಾಮು ಅಕ್ಟೋಬರ ಅಥವಾ ನವೆಂಬರದಲ್ಲಿ ಮೊದಲಾಗಿ ಬೇಸಗೆಯ ಬಾಗಿಲಿಗೆ ಮುಗಿಯುತ್ತದೆ. ಉಳಿದ ತಿಂಗಳುಗಳಲ್ಲಿ ಗಾಣದ ಉರುಳೆಗಳನ್ನು ಬಿಚ್ಚಿ ಸವೆದ ಗೀರುಗಳನ್ನು ಮತ್ತೆ ಕೊರೆಯುತ್ತಾರೆ, ಕೊಳವೆಗಳ ಕರೆ ತೆಗೆಯುತ್ತಾರೆ, ಬಾಯ್ಲರನ್ನು ತಪಾಸಣೆಗೆ ಸಿದ್ಧಗೊಳಿಸುತ್ತಾರೆ. ಫಿಟ್ಟರನಿಗೆ ನಿಜವಾದ ಪಾಠಶಾಲೆ ಈ ನಿಂತ ಕಾರಖಾನೆ. ಓಡುವ ಯಂತ್ರದಲ್ಲಿ ಕಾಣದ ಒಳಗೆಲ್ಲ ಆಗ ತೆರೆದಿರುತ್ತದೆ. ಬಾಯ್ಲರ್ ನೋಡಿಕೊಳ್ಳುವವನಿಗೂ ರಸ ಕುದಿಸುವ ಪ್ಯಾನ್‌ಮನ್ನನಿಗೂ ಇದಕ್ಕೆ ತಿರುಗುಮುರುಗು. ಪ್ಯಾನಿನಿಂದ ಕಡ್ಡಿಯಲ್ಲಿ ತೆಗೆದ ಪಾಕವನ್ನು ಗಾಜಿನ ಮೇಲೆ ಸವರಿ, ಬೆಳಕಿಗೆ ಹಿಡಿದು, ಬೆರಳುಗಳ ನಡುವೆ ಎಳೆ ತೆಗೆದು ಹರಳಿನ ಹದವನ್ನು ಅರಿಯುವ ವಿದ್ಯೆ ಹಂಗಾಮಿನಲ್ಲಲ್ಲದೆ ಬರುವುದಿಲ್ಲ. ಮಾಪಕ ಯಂತ್ರಗಳು ಬಂದ ಮೇಲೂ ಈ ಕಣ್ಣಳತೆಗೆ ಬೆಲೆ ಹೋಗಿಲ್ಲ. ಒಂದು ವರ್ಷದ ಕರಾರು ಮೇ ತಿಂಗಳಲ್ಲಿ ಮೊದಲಾಯಿತೋ ನವೆಂಬರದಲ್ಲಿ ಮೊದಲಾಯಿತೋ ಎಂಬುದು ಇಬ್ಬರಿಗೂ ಒಂದೇ ಅಲ್ಲ. ಎರಡು ಹಂಗಾಮುಗಳನ್ನು ಕಾಣದ ಪ್ಯಾನ್‌ಮನ್ನನ ಕೈ ಪಳಗಿತೆಂದು ಹೇಳುವುದು ಕಷ್ಟ. ಕಸುಬಿನ ಋತುಮಾನವನ್ನು ಗಮನಿಸಿ ಅವಧಿಯನ್ನು ನಿಗದಿಪಡಿಸಿದರೆ ಹೆಚ್ಚು ಖರ್ಚಿಲ್ಲದೆಯೆ ಹೆಚ್ಚು ಕಲಿಕೆ ಸಾಧ್ಯ.

೪

ಅಥಣಿಯ ಮಾತು ಬೇರೆ. ಜಗತ್ತು 'ಕೊಲ್ಲಾಪುರಿ' ಎಂದು ಕರೆಯುವ ಚಪ್ಪಲಿಯ ಬಹುಭಾಗ ಅಥಣಿ, ನಿಪ್ಪಾಣಿ ಮೊದಲಾದ ಕನ್ನಡದ ಊರುಗಳಲ್ಲಿ ತಯಾರಾಗುತ್ತದೆಂಬುದು ಇಲ್ಲಿಯವರಿಗೆ ಹೊಸತಲ್ಲ. ೨೦೧೯ರಲ್ಲಿ ದೊರೆತ ಭೌಗೋಳಿಕ ಸೂಚಕದ ನೋಂದಣಿಯೂ ಇದನ್ನು ಒಪ್ಪಿಕೊಂಡಿತು: ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿವೆ.

ಈ ಕಸುಬಿನಲ್ಲಿ ಕಲಿಯತಕ್ಕದ್ದು ಏನು? ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಗೊಂಡ ತೊಗಲನ್ನು ಕೈಯಲ್ಲಿ ಹಿಡಿದು ಅದರ ಯಾವ ಭಾಗ ಅಟ್ಟೆಗೆ ಸಲ್ಲುವುದು, ಯಾವುದು ಬಾರಿಗೆ ಸಲ್ಲುವುದು ಎಂದು ಅರಿಯುವುದು ಮೊದಲ ಪಾಠ. ಬೆನ್ನಿನ ತೊಗಲಿಗೂ ಹೊಟ್ಟೆಯ ತೊಗಲಿಗೂ ಇರುವ ವ್ಯತ್ಯಾಸವನ್ನು ಪುಸ್ತಕ ಹೇಳಬಹುದು, ಬೆರಳು ಮಾತ್ರ ಅರಿಯಬಲ್ಲದು. ರಂಪಿಗೆಯನ್ನು ಎಳೆಯುವ ಒತ್ತು, ಮೊಳೆಯಿಲ್ಲದೆ ತೊಗಲಿನ ದಾರದಿಂದಲೇ ಪದರಗಳನ್ನು ಹೊಲಿಯುವ ಬಿಗಿ, ಎಡ ಬಲಗಳ ಸಮತೆ, ತೆಳುವಾಗಿ ಸೀಳಿದ ಬಾರಿನ ಹೆಣಿಗೆ, ಇವೆಲ್ಲ ವರ್ಷಗಳ ಮೇಲೆ ಕೈಗೂಡುವ ಸಂಗತಿಗಳು. ಇವುಗಳಲ್ಲಿ ಹೆಣಿಗೆ, ಮೇಲ್ಭಾಗದ ಹೊಲಿಗೆಗಳು ಬಹುಮಟ್ಟಿಗೆ ಹೆಂಗಸರ ಕೈಯಲ್ಲಿವೆ. ಅಂದರೆ ಈ ಕಸುಬಿನ ಅರ್ಧ ಗುರುಗಳು ತಾಯಂದಿರು.

ಇದಕ್ಕೆ ಸರಕಾರದ ನೆರವು ಇಲ್ಲದೆ ಇಲ್ಲ. ೧೯೭೬ರಲ್ಲಿ ಸ್ಥಾಪಿತವಾದ ರಾಜ್ಯದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ಜನರ ಬಾಯಲ್ಲಿ ಲಿಡ್ಕರ್, ಇಂದಿಗೂ ಕೆಲಸ ಮಾಡುತ್ತಿದೆ. ೧೯೯೦ರ ದಶಕದ ಕೊನೆಯ ಹೊತ್ತಿಗೆ ಅಸೆಂಟ್ ಎಂಬ ಸಂಸ್ಥೆಯ ಪ್ರಯತ್ನದಿಂದ ಅಥಣಿಯಲ್ಲಿ ಟೋಹೋಲ್ಡ್ ಎಂಬ ಕುಶಲಕರ್ಮಿಗಳ ಕೂಟ ಏರ್ಪಟ್ಟಿತು. ಹೆಂಗಸರ ಸ್ವಸಹಾಯ ಗುಂಪುಗಳು ಅದರ ತಳಹದಿ. ಮದ್ರಾಸಿನಲ್ಲಿ ಹುಟ್ಟಿದ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯ ತಿಳಿವಳಿಕೆಯೂ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವೂ ಅದಕ್ಕೆ ದೊರೆತವು. ಆ ತರಬೇತಿ ಬಲ್ಲವರಿಗೆ ಬಲ್ಲುದನ್ನೇ ಕಲಿಸಲು ಹೋಗಲಿಲ್ಲ. ಅಳತೆಯ ಖಚಿತತೆ, ಹೊಸ ಮಾದರಿ, ಪರದೇಶದ ಬೇಡಿಕೆಯ ರೀತಿ, ಲೆಕ್ಕಪತ್ರ ಎಂಬ ಇಲ್ಲದ ಸಂಗತಿಗಳನ್ನು ಇದ್ದ ಕೈಗೆ ಜೋಡಿಸಿತು. ಅದರ ಯಶಸ್ಸಿನ ಗುಟ್ಟು ಇದೇ ಎಂದು ತೋರುತ್ತದೆ.

೨೦೨೩ರ ಸೆಪ್ಟೆಂಬರ ೧೭ರಂದು ಉದ್ಘಾಟನೆಯಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಐದು ವರ್ಷಗಳಿಗೆ ೧೩,೦೦೦ ಕೋಟಿ ರೂಪಾಯಿ ಗೊತ್ತುಮಾಡಿದ ಈ ಯೋಜನೆಯಲ್ಲಿ ಚರ್ಮಕಾರರದೂ ಸೇರಿ ೧೮ ಕಸುಬುಗಳಿವೆ. ಐದರಿಂದ ಏಳು ದಿನಗಳ ಮೂಲ ತರಬೇತಿ, ಬಯಸಿದವರಿಗೆ ಹದಿನೈದು ಅಥವಾ ಹೆಚ್ಚು ದಿನಗಳ ಮುಂದಿನ ತರಬೇತಿ, ದಿನಕ್ಕೆ ೫೦೦ ರೂಪಾಯಿ ವಿದ್ಯಾವೇತನ, ೧೫,೦೦೦ ರೂಪಾಯಿಯವರೆಗೆ ಸಲಕರಣೆಗಳಿಗೆ ನೆರವು, ಶೇಕಡಾ ಐದರ ಬಡ್ಡಿಗೆ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ಸಾಲ. ಸಾಲವೂ ಸಲಕರಣೆಯೂ ಬಡ ಕುಶಲಕರ್ಮಿಗೆ ಉಪಯುಕ್ತವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಯೋಜನೆಯ ಭಾಷೆ ಗುರುಶಿಷ್ಯ ಪರಂಪರೆಯನ್ನು ಹೊಗಳುತ್ತದೆ. ಯೋಜನೆಯ ಲೆಕ್ಕ ಆ ಪರಂಪರೆಯನ್ನು ಕಾಣುವುದೇ ಇಲ್ಲ. ಬಲ್ಲವನನ್ನು ಒಂದು ವಾರ ಶಿಷ್ಯನನ್ನಾಗಿ ಕುಳ್ಳಿರಿಸಿ ಅದಕ್ಕೆ ಹಣ ಕೊಡುತ್ತಾರೆ. ಅದೇ ಬಲ್ಲವನು ಒಬ್ಬ ಹೊಸಬನನ್ನು ಎರಡು ವರ್ಷ ಬದಿಯಲ್ಲಿ ಕೂರಿಸಿಕೊಂಡು ಕಲಿಸಿದರೆ ಅದಕ್ಕೆ ಬಾಬಿಲ್ಲ. ಹೊಸಬ ಕೆಡಿಸುವ ತೊಗಲು, ಅವನಿಗಾಗಿ ಗುರು ಕಳೆದುಕೊಳ್ಳುವ ಹೊತ್ತು, ಕಲಿಕೆಯ ನಿಜವಾದ ಬೆಲೆ ಇದು. ಕಾರಖಾನೆಯ ಮಾಲಿಕನಿಗೆ ಈ ಬೆಲೆಯ ಒಂದು ಪಾಲನ್ನು ಕೊಡಲು ೨೦೧೬ರಿಂದ ಸಿದ್ಧವಿರುವ ಸರಕಾರ ಪಡಸಾಲೆಯ ಗುರುವಿಗೆ ಏಕೆ ಕೊಡಬಾರದು?

ಹೆಸರಿಗೆ ರಕ್ಷಣೆ ದೊರೆತರೆ ಕಸುಬು ಉಳಿಯುವುದೆಂಬ ನಂಬಿಕೆಯೂ ಪರೀಕ್ಷೆಗೆ ಗುರಿಯಾಗಿದೆ. ೨೦೨೫ರ ಜೂನಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ಪ್ರದರ್ಶನದಲ್ಲಿ ಕೊಲ್ಲಾಪುರಿಯನ್ನು ಹೋಲುವ ಪಾದರಕ್ಷೆಗಳನ್ನು ಮೂಲದ ಹೆಸರೆತ್ತದೆ ತೋರಿಸಿ ಟೀಕೆಗೆ ಒಳಗಾಯಿತು. ಆ ವರ್ಷದ ಡಿಸೆಂಬರದಲ್ಲಿ ಅದು ಮಹಾರಾಷ್ಟ್ರದ ಲಿಡ್ಕಾಂ, ಕರ್ನಾಟಕದ ಲಿಡ್ಕರ್‌ಗಳೊಡನೆ ಒಪ್ಪಂದ ಮಾಡಿಕೊಂಡು, ಸುಮಾರು ೨,೦೦೦ ಜೋಡಿಗಳನ್ನು ಜೋಡಿಗೆ ಸುಮಾರು ೮೦೦ ಯೂರೋಗಳಂತೆ ಮಾರುವುದಾಗಿಯೂ ಇಲ್ಲಿಯ ಕುಶಲಕರ್ಮಿಗಳಿಗೆ ತರಬೇತಿ ಏರ್ಪಡಿಸುವುದಾಗಿಯೂ ಪ್ರಕಟಿಸಿತು. ಒಪ್ಪಂದ ಸ್ವಾಗತಾರ್ಹ. ಆದರೆ ಭೌಗೋಳಿಕ ಸೂಚಕ ಕಾಪಾಡುವುದು ಹೆಸರನ್ನು. ಮುಂದಿನ ತಲೆಮಾರಿನ ಕೈಗಳನ್ನಲ್ಲ. ಈ ತರಬೇತಿಯಲ್ಲಿಯೂ ಬಲ್ಲವರೇ ಮತ್ತೆ ಶಿಷ್ಯರಾಗಿ ಕೂರುವರೋ ಅಥವಾ ಹೊಸಬರಿಗೆ ಗುರುಗಳಾಗುವರೋ ಎಂಬುದರ ಮೇಲೆ ಅದರ ಫಲ ನಿಂತಿದೆ.

೫

ಇಲ್ಲಿ ಒಂದು ಗಂಭೀರವಾದ ಆಕ್ಷೇಪಣೆಯನ್ನು ಎದುರಿಸಬೇಕು. ಮನೆಯ ಕಲಿಕೆಯೆಂದರೆ ಕುಲದ ಕಲಿಕೆ. ಅದಕ್ಕೆ ಸರಕಾರ ಹಣ ಕೊಟ್ಟರೆ ಚಮ್ಮಾರನ ಮಗನಿಗೆ ಚಮ್ಮಾರನಾಗಿಯೇ ಉಳಿಯಲು ಸಂಬಳ ಕೊಟ್ಟಂತಾಗದೆ? ಇದು ಕೇವಲ ತರ್ಕವಲ್ಲ, ಚರಿತ್ರೆ. ೧೯೫೩ರಲ್ಲಿ ಮದ್ರಾಸಿನ ಮುಖ್ಯಮಂತ್ರಿ ಸಿ. ರಾಜಗೋಪಾಲಾಚಾರಿಯವರು ಹಳ್ಳಿಯ ಮಕ್ಕಳು ಅರ್ಧ ಹೊತ್ತು ಶಾಲೆಯಲ್ಲಿಯೂ ಉಳಿದ ಹೊತ್ತು ಮನೆಯ ಕಸುಬಿನಲ್ಲಿಯೂ ತೊಡಗುವಂತೆ ಯೋಜನೆ ಹೂಡಿದರು. ವಿರೋಧಿಗಳು ಅದಕ್ಕೆ ಕುಲದ ಶಿಕ್ಷಣವೆಂದೇ ಹೆಸರಿಟ್ಟರು. ೧೯೫೪ರಲ್ಲಿ ಅಧಿಕಾರಕ್ಕೆ ಬಂದ ಕಾಮರಾಜರು ಅದನ್ನು ಕೈಬಿಟ್ಟರು. ಎಪ್ಪತ್ತು ವರ್ಷಗಳ ಮೇಲೆ ಅದೇ ತಮಿಳುನಾಡು ವಿಶ್ವಕರ್ಮ ಯೋಜನೆಯನ್ನು ಈಗಿನ ರೂಪದಲ್ಲಿ ಒಪ್ಪಲಾರೆನೆಂದು ೨೦೨೪ರಲ್ಲಿ ತಿಳಿಸಿತು. ೨೦೨೫ರಲ್ಲಿ ಅದು ಪ್ರಾರಂಭಿಸಿದ ತನ್ನ ಕೈಕಸುಬಿನ ಯೋಜನೆಯಲ್ಲಿ ಮನೆತನದ ಕಸುಬಿನ ಷರತ್ತನ್ನು ಬಿಟ್ಟು, ಹದಿನೆಂಟರ ಹುಡುಗರು ಓದನ್ನು ತೊರೆಯದಂತೆ ಕನಿಷ್ಠ ವಯಸ್ಸನ್ನು ಮೂವತ್ತೈದಕ್ಕೆ ಏರಿಸಲಾಯಿತು.

ನಮ್ಮ ಸೀಮೆಗೂ ಈ ವಿಷಯದಲ್ಲಿ ತನ್ನದೇ ಸ್ಮರಣೆಯಿದೆ. ರಾಯಬಾಗವು ಕೊಲ್ಲಾಪುರದ ಆಳಿಕೆಯಲ್ಲಿದ್ದಾಗಲೇ, ೧೯೧೮ರಲ್ಲಿ, ಶಾಹೂ ಮಹಾರಾಜರು ಬಲುತೆ ಪದ್ಧತಿಯನ್ನು ರದ್ದುಗೊಳಿಸಿ, ಯಾರು ಯಾವ ಕಸುಬನ್ನಾದರೂ ಹಿಡಿಯಬಹುದೆಂದು ಸಾರಿದರು. ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಗೌರವವನ್ನೂ ಈ ಸಂದರ್ಭದಲ್ಲಿ ಹಲವರು ನೆನೆಯುವುದುಂಟು. ಆದರೆ ಹರಳಯ್ಯನ ಕಥೆಯನ್ನು ಕೊಂಡಾಡಿದವರೆಲ್ಲ ಹರಳಯ್ಯನ ಬದಿಯಲ್ಲಿ ಕುಳಿತು ಹೊಲಿಯಲು ಕಲಿಯಲಿಲ್ಲವೆಂಬುದನ್ನು ಮರೆಯಲಾಗದು. ಚರ್ಮದ ಕೆಲಸಕ್ಕೆ ಅಂಟಿಸಿದ ಕೀಳರಿಮೆಯೇ ಆ ಮನೆಗಳ ಮಕ್ಕಳು ಅದರಿಂದ ದೂರವಾಗಲು ಒಂದು ಕಾರಣ. ದೂರವಾಗುವ ಹಕ್ಕು ಅವರಿಗಿದೆ.

ಆದುದರಿಂದ ಆಕ್ಷೇಪಣೆ ನ್ಯಾಯವಾದದ್ದು. ಆದರೆ ಅದು ತಾಗುವುದು ಶಿಷ್ಯನ ಆಯ್ಕೆಗೆ, ಗುರುವಿನ ಸಂಭಾವನೆಗಲ್ಲ. ಹಣವನ್ನು ಮನೆಯ ಮಗನಿಗೆ, ಅವನು ಮನೆಯ ಮಗನೆಂಬ ಕಾರಣಕ್ಕೆ ಕೊಡುವುದು ಕುಲಕ್ಕೆ ಕೊಟ್ಟ ಹಣ. ಬಲ್ಲವರಿಗೆ, ಅವರು ಬಲ್ಲರೆಂಬ ಕಾರಣಕ್ಕೆ, ಬಂದವರಾರನ್ನಾದರೂ ಕಲಿಸಬೇಕೆಂಬ ಷರತ್ತಿನ ಮೇಲೆ ಕೊಡುವುದು ವಿದ್ಯೆಗೆ ಕೊಟ್ಟ ಹಣ. ಎರಡನೆಯದು ನಡೆದರೆ, ತಲೆತಲಾಂತರದಿಂದ ಹೀನವೆನಿಸಿದ ಕಸುಬಿನ ಹೆಂಗಸೊಬ್ಬಳು ಸರಕಾರದ ಪಟ್ಟಿಯಲ್ಲಿ ಶಿಕ್ಷಕಿಯಾಗುತ್ತಾಳೆ. ಅವಳ ಮಗಳು ಬೇಕಾದರೆ ವೈದ್ಯಳಾಗಬಹುದು, ಬೇರೊಬ್ಬರ ಮಗಳು ಬಂದು ಹೆಣಿಗೆಯನ್ನು ಕಲಿಯಬಹುದು. ಕುಲವನ್ನು ಕಸುಬಿನಿಂದ ಬಿಡಿಸಲು ಕಸುಬನ್ನು ಕೊಲ್ಲಬೇಕಾಗಿಲ್ಲ; ಕಲಿಕೆಯ ಬಾಗಿಲನ್ನು ತೆರೆದರೆ ಸಾಕು.

೬

ಮನೆಯ ಕೆಲಸ ಶಾಸನದ ಕಣ್ಣಿಗೆ ಬೀಳಲಾರದೆಂದು ಹೇಳುವವರಿಗೆ ನಿಪ್ಪಾಣಿಯ ಉದಾಹರಣೆ ಉತ್ತರ ಕೊಡುತ್ತದೆ. ನಿಪ್ಪಾಣಿಯ ಹೆಸರನ್ನು ದೇಶ ಕೇಳಿದ್ದು ತಂಬಾಕಿನಿಂದ. ೧೯೮೧ರಲ್ಲಿ ಬೆಲೆಗಾಗಿ ಬೆಳೆಗಾರರು ಹೂಡಿದ ಚಳವಳಿ ಗೋಳೀಬಾರಿನಲ್ಲಿ ಮುಗಿಯಿತು. ಅದೇ ಕಾಲದಲ್ಲಿ ವಖಾರಗಳ ಧೂಳಿನಲ್ಲಿ ತಂಬಾಕನ್ನು ಕುಟ್ಟಿ ಜರಡಿಯಾಡುತ್ತಿದ್ದ ಹೆಂಗಸರು ಸಂಘಟಿತರಾದರು. ಯುಗಾಂತರ ಎಂಬ ಚಿತ್ರಕಾರರ ಕೂಟ ೧೯೮೨ರಲ್ಲಿ ತೆಗೆದ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಸಾಕ್ಷ್ಯಚಿತ್ರ ಆ ಹೆಂಗಸರನ್ನೇ ಮುಂದಿಟ್ಟು ಅವರ ಕಥೆಯನ್ನು ದಾಖಲಿಸಿತು.

ಬೀಡಿಯ ಕೆಲಸ ಬಹುಮಟ್ಟಿಗೆ ಮನೆಯಲ್ಲಿ ನಡೆಯುತ್ತದೆ. ತಾಯಿಯಿಂದ ಮಗಳು ನೋಡಿ ಕಲಿಯುತ್ತಾಳೆ. ೧೯೬೬ರ ಬೀಡಿ ಮತ್ತು ಚುಟ್ಟಾ ಕೆಲಸಗಾರರ ಶಾಸನವು ಗುತ್ತಿಗೆದಾರನಿಂದ ಎಲೆ ತಂಬಾಕುಗಳನ್ನು ಪಡೆದು ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕೆಲಸಗಾರರೆಂದೇ ಗಣಿಸಿತು. ಉದ್ಯಮಿಗಳು ಇದನ್ನು ಪ್ರಶ್ನಿಸಿದಾಗ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೭೪ರಲ್ಲಿ ಶಾಸನವನ್ನು ಎತ್ತಿಹಿಡಿಯಿತು. ಆ ಶಾಸನ ಈಗ ಪ್ರತ್ಯೇಕವಾಗಿ ಉಳಿದಿಲ್ಲ. ೨೦೨೫ರ ನವೆಂಬರ ೨೧ರಂದು ಜಾರಿಗೆ ಬಂದ, ವೃತ್ತಿ ಸುರಕ್ಷತೆಯನ್ನು ಕುರಿತ ೨೦೨೦ರ ಸಂಹಿತೆಯಲ್ಲಿ ಲೀನವಾಗಿದೆ. ಆದರೆ ಅದು ಸಾಧಿಸಿ ತೋರಿಸಿದ ತತ್ತ್ವ ಅಳಿಯುವಂಥದಲ್ಲ: ಮನೆಯ ಹೊಸ್ತಿಲು ಶಾಸನಕ್ಕೆ ದಾಟಲಾರದ ಗೆರೆಯಲ್ಲ. ೧೯೬೧ರ ಶಾಸನ ಹೊಸ್ತಿಲಲ್ಲಿ ನಿಂತಿತು. ಐದು ವರ್ಷಗಳ ಮೇಲೆ ಇನ್ನೊಂದು ಶಾಸನ ಒಳಗೆ ಹೋಯಿತು. ದುಡಿಮೆಗೆ ಸಾಧ್ಯವಾದದ್ದು ಕಲಿಕೆಗೆ ಏಕೆ ಸಾಧ್ಯವಾಗಬಾರದು?

ಬೀಡಿಯ ಕಸುಬನ್ನು ಮುಂದುವರಿಸಲು ತರಬೇತಿ ಬೇಕೆಂದು ಇಲ್ಲಿ ಹೇಳುತ್ತಿಲ್ಲ. ಭಾರತ ೨೦೦೪ರಲ್ಲಿ ಅನುಮೋದಿಸಿದ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಯ ೧೭ನೆಯ ವಿಧಿ, ತಂಬಾಕಿನ ಕೆಲಸಗಾರರಿಗೂ ಬೆಳೆಗಾರರಿಗೂ ಬದುಕಿಗೆ ಸಾಲುವ ಬೇರೆ ಮಾರ್ಗವನ್ನು ಒದಗಿಸುವತ್ತ ಸರಕಾರಗಳನ್ನು ಪ್ರೇರಿಸುತ್ತದೆ. ನಿಪ್ಪಾಣಿಯ ಹೆಂಗಸರಿಗೆ ತರಬೇತಿಯ ಪ್ರಶ್ನೆ ಆಯ್ಕೆಯದಲ್ಲ, ಅನಿವಾರ್ಯದ್ದು. ಬದಲಿ ಕಸುಬಿನ ತರಬೇತಿಯೆಂದರೆ ಕೆಲವು ದಿನಗಳ ಹೊಲಿಗೆಯ ವರ್ಗ ಮತ್ತು ಒಂದು ಪ್ರಮಾಣಪತ್ರ ಎಂದಾಗದೆ, ಕಲಿಯುವ ಅವಧಿಯ ಉದ್ದಕ್ಕೂ ಬೀಡಿಯ ಕೂಲಿಗೆ ಸಮನಾದ ವೇತನ ದೊರೆಯದಿದ್ದರೆ ಅವರು ಬರಲಾರರು. ದಿನದ ಕೂಲಿಯನ್ನು ಬಿಟ್ಟು ಆಸೆಯ ಮೇಲೆ ಕಾಯುವ ಉಮೇದುವಾರಿಕೆ ಅವರ ಶಕ್ತಿಗೆ ಮೀರಿದ್ದು.

೭

ಇದುವರೆಗಿನ ವಿವೇಚನೆಯಿಂದ ತೇಲಿಬರುವ ತಾತ್ಪರ್ಯ ಇಷ್ಟು. ಕಲಿಕೆಗೆ ಸರಕಾರ ಕೊಡುವ ನೆರವು ಹಿಗ್ಗುತ್ತಿದೆ. ಆದರೆ ಅದು ಹಿಗ್ಗುತ್ತಿರುವುದು ಮಾಲಿಕನೂ ಹಾಜರಿಪಟ್ಟಿಯೂ ಇರುವ ಕಡೆಗೆ. ಕಲಿಕೆಯ ಜೀವಂತ ಸಂಪ್ರದಾಯವಿರುವ ಮನೆಗಳಲ್ಲಿ ಬಲ್ಲವರೇ ಶಿಷ್ಯರಾಗಿ ದಾಖಲಾಗುತ್ತಾರೆ, ಗುರುಗಳು ದಾಖಲಾಗುವುದಿಲ್ಲ. ಈ ದೋಷ ಹಣದ ಕೊರತೆಯಿಂದ ಬಂದದ್ದಲ್ಲ, ವ್ಯಾಖ್ಯೆಯಿಂದ ಬಂದದ್ದು. ಆದುದರಿಂದ ವ್ಯಾಖ್ಯೆಯಿಂದಲೇ ತಿದ್ದಬಹುದಾದದ್ದು.

ಅದಕ್ಕೆ ಬೇಕಾದ ಬಾಗಿಲು ಶಾಸನದಲ್ಲಿ ಆಗಲೇ ಇದೆ. ೨೦೧೪ರಲ್ಲಿ ತಿದ್ದಿದ ೮ನೆಯ ಕಲಮು ಹಲವು ಮಾಲಿಕರು ತಾವಾಗಿಯೋ ಒಂದು ಮಾನ್ಯ ಸಂಸ್ಥೆಯ ಮೂಲಕವೋ ಕೂಡಿಕೊಂಡು ಅಪ್ರೆಂಟಿಸರಿಗೆ ತರಬೇತಿ ಕೊಡಬಹುದೆಂದು ಹೇಳುತ್ತದೆ. ಮನೆಯವರ ದುಡಿಮೆಯನ್ನೂ ಎಣಿಕೆಗೆ ಹಿಡಿಯುವಂತೆ ಮಾಲಿಕನೆಂಬ ಪದದ ಅರ್ಥವನ್ನು ಸ್ವಲ್ಪ ಸಡಿಲಿಸಿದರೆ, ಅಥಣಿಯ ಒಂದು ಓಣಿಯ ಹತ್ತು ಮನೆಗಳು ಲಿಡ್ಕರ್ ಅಥವಾ ಒಂದು ಸಹಕಾರಿ ಸಂಘದ ಮೂಲಕ ಒಂದೇ ಸಂಸ್ಥೆಯಾಗಬಲ್ಲವು. ಅಲ್ಲಿ ಯಾವ ಜಾತಿಯ ಹುಡುಗ ಹುಡುಗಿಯರಾದರೂ, ಶಾಲೆಯ ಓದನ್ನು ಮುಗಿಸಿ, ವಿದ್ಯಾವೇತನದೊಡನೆ ಎರಡು ವರ್ಷ ಕಲಿಯಬಹುದು. ಒಂದು ಮನೆಯಲ್ಲಿ ಅಟ್ಟೆಯನ್ನೂ ಇನ್ನೊಂದರಲ್ಲಿ ಹೆಣಿಗೆಯನ್ನೂ ಅಭ್ಯಾಸಮಾಡಬಹುದು. ಕಲಿಸಿದವರ ಹೆಸರು ಪ್ರಮಾಣಪತ್ರದಲ್ಲಿಯೂ ಅವರ ಹೊತ್ತಿನ ಬೆಲೆ ಸರಕಾರದ ಲೆಕ್ಕದಲ್ಲಿಯೂ ಬರೆಯಲ್ಪಡಬೇಕು. ಜರ್ಮನಿಯು ಕೈಕಸುಬಿನ ಕಲಿಕೆಯಲ್ಲಿ ಪಳಗಿದ ಗುರುವಿನ ಪದವಿಗೆ ಶಾಸನದ ಮಾನ್ಯತೆ ಕೊಟ್ಟಿರುವುದನ್ನು ನಮ್ಮ ಯೋಜನಾಕಾರರು ಆಗಾಗ ಉದಾಹರಿಸುತ್ತಾರೆ. ಅದನ್ನು ಅಲ್ಲಿಂದ ತರುವ ಮುನ್ನ ಅಥಣಿಯಲ್ಲಿ ಅಂಥ ಗುರುಗಳು ಯಾರಿದ್ದಾರೆಂದು ಪಟ್ಟಿಮಾಡುವುದು ಸುಲಭ.

ಈ ಪಟ್ಟಿಯನ್ನು ಮಾಡುವ ಕೆಲಸ ನಮ್ಮ ಕಾಲೇಜುಗಳಿಗೂ ಸಲ್ಲುವಂಥದು. ಈ ಐದು ತಾಲೂಕುಗಳ ಅಧ್ಯಾಪಕರು, ವಿದ್ಯಾರ್ಥಿಗಳು ತಮ್ಮ ಊರಿನ ಒಂದು ಕಸುಬನ್ನು ಆರಿಸಿಕೊಂಡು, ಅದರ ಸಲಕರಣೆಗಳ ಹೆಸರುಗಳನ್ನೂ ಕಲಿಕೆಯ ಹಂತಗಳನ್ನೂ ಕಲಿಸಬಲ್ಲವರ ಸಂಖ್ಯೆಯನ್ನೂ ಕನ್ನಡದಲ್ಲಿಯೂ ಅಗತ್ಯವಿದ್ದಲ್ಲಿ ಮರಾಠಿಯಲ್ಲಿಯೂ ಬರೆದಿಟ್ಟರೆ, ಪಠ್ಯಕ್ರಮ ತಯಾರಿಸುವವರು ದೂರದ ಮಾದರಿಯನ್ನು ನೆಚ್ಚಬೇಕಾಗುವುದಿಲ್ಲ. ಹದ ನೋಡುವ ಬೆರಳಿನ ಅರಿವನ್ನು ಪೂರ್ತಿಯಾಗಿ ಬರೆಯಲಾಗದೆಂಬುದು ನಿಜ. ಆ ಬೆರಳು ಯಾರದೆಂಬುದನ್ನಾದರೂ ಬರೆಯಬಹುದು.